ಮಂಡಕ್ಕಿಯ ನೆಪದಲ್ಲಿ ಒಂದು ಮದುವೆ

ನನಗೆ 48, ಅವರಿಗೆ 53. ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಎರಡನೇ ಮದುವೆಗೆ ಏನೇನು ಕಾಗದ ಬೇಕು, ಎಷ್ಟು ದಿನ ಹಿಡಿಯುತ್ತೆ ಅಂತ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಇಪ್ಪತ್ತೈದರ ಹುಡುಗ ಹುಡುಗಿಯರಿಗೆ ಬರೆದದ್ದು. ಓಡಿಹೋಗಿ ಮದುವೆಯಾಗುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಂಡಿನೋವು ಇರುವವರು ನಿಧಾನವಾಗಿ ನಡೆದು ಹೋಗಿ ಮದುವೆಯಾಗುವುದು ಹೇಗೆ ಅಂತ ಯಾರೂ ಬರೆದಂತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಗದಪತ್ರಕ್ಕೆ ಮೊದಲು ನಾಯಿಯ ವಿಷಯ ಹೇಳಬೇಕು. ನಾಯಿ ಇಲ್ಲದಿದ್ದರೆ ಅರ್ಜಿಯೇ ಇರುತ್ತಿರಲಿಲ್ಲ.

ನನ್ನ ಯಜಮಾನರು 2016ರಲ್ಲಿ ತೀರಿಕೊಂಡರು. ಹರಿಹರದ ಆಚೆ ಹೊಳೆ ದಾಟಿದರೆ ಸಿಗುವ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಆಮೇಲೆ ನಾನು ಮಗಳನ್ನು ಕರೆದುಕೊಂಡು ದಾವಣಗೆರೆಗೆ ಬಂದೆ. ನಿಟ್ಟುವಳ್ಳಿ ಕಡೆ ಬಾಡಿಗೆ ಮನೆ, ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಗಳು ಓದು ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಬೇಜಾರು ಅಂತ ಏನೂ ಇರಲಿಲ್ಲ. ಕುಕ್ಕರ್ ಮಾತ್ರ ದೊಡ್ಡದಾಗಿ ಕಾಣುತ್ತಿತ್ತು.

2022ರ ಮಳೆಗಾಲದಲ್ಲಿ ನಮ್ಮ ಮೆಟ್ಟಿಲ ಕೆಳಗೆ ಒಂದು ಬೀದಿ ನಾಯಿ ಬಂದು ಸೇರಿಕೊಂಡಿತು. ಬೆಳ್ಳಗೆ, ಸಣಕಲು, ಒಂದು ಕಿವಿಯ ತುದಿ ಕತ್ತರಿಸಿ ಹೋಗಿತ್ತು. ಯಾರೋ ಪಾಪಿಗಳು ಹಿಂಸೆ ಕೊಟ್ಟಿದ್ದಾರೆ ಅಂದುಕೊಂಡೆ. ಹಾಗಲ್ಲ. ಬೀದಿ ನಾಯಿಗಳಿಗೆ ಸಂತಾನಹರಣ ಆಪರೇಷನ್ ಮಾಡಿ ವಾಪಸ್ ಬಿಡುವಾಗ ಗುರುತಿಗೆ ಕಿವಿ ತುದಿ ಕತ್ತರಿಸುತ್ತಾರಂತೆ. ಒಂದು ಸಂಜೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬರುವಾಗ ಪೊಟ್ಟಣ ಕೈಜಾರಿ ಬಿತ್ತು. ನಾಯಿ ಎದ್ದು ಬಂದು ಮೆಣಸಿನಕಾಯಿಯನ್ನು ಮೂಸಿ ಬಿಟ್ಟಿತು. ಮಂಡಕ್ಕಿಯನ್ನು ಮಾತ್ರ ಒಂದು ಕಾಳು ಬಿಡದೆ ನೆಕ್ಕಿತು. ಹೆಸರಿಡುವ ಶಾಸ್ತ್ರ ಅಲ್ಲೇ ಮುಗಿಯಿತು.

ಮಂಡಕ್ಕಿ ಬೆಳಿಗ್ಗೆ ಆರಕ್ಕೆ ಬಾಗಿಲ ಹತ್ತಿರ ಕೂರುವುದು, ತಿಂದು ಮಲಗುವುದು, ನಾನು ಸಂಜೆ ಬರುವ ಹೊತ್ತಿಗೆ ಎತ್ತಲೋ ಹೋಗಿಬಿಡುವುದು. ಬೀದಿ ನಾಯಿ ಅಲ್ವಾ, ಅದರ ತಿರುಗಾಟ ಅದಕ್ಕೆ ಅಂತ ಸುಮ್ಮನಿದ್ದೆ.

2023ರ ಆಗಸ್ಟ್‌ನಲ್ಲಿ ಮೂರು ದಿನ ಬರಲೇ ಇಲ್ಲ. ಹದಡಿ ರಸ್ತೆಯವರೆಗೂ ಹುಡುಕಿದೆ. ನಾಲ್ಕನೇ ದಿನ ಬಂತು. ಸುಸ್ತಾಗಿತ್ತು. ಮುಂಗಾಲಲ್ಲಿ ಒಂದು ಕಡೆ ನೀಟಾಗಿ ಕೂದಲು ಬೋಳಿಸಿತ್ತು, ಅದರ ಮೇಲೆ ಹತ್ತಿ, ಬಿಳಿ ಪಟ್ಟಿ. ಯಾರೋ ಡ್ರಿಪ್ ಹಾಕಿಸಿದ್ದಾರೆ! ನನ್ನ ನಾಯಿಗೆ ನನಗೆ ಗೊತ್ತಿಲ್ಲದ ಯಾರೋ ಡ್ರಿಪ್ ಹಾಕಿಸಿದ್ದಾರೆ ಅಂದರೆ ಏನರ್ಥ? ಅವತ್ತು ನನಗಾದದ್ದು ಸಂತೋಷ ಅಲ್ಲ, ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಲಿ.

ಪಶು ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಕಾಂಪೌಂಡರ್ ಪುಸ್ತಕ ತಿರುವಿ ಹಾಕಿ, ‘ಓ, ಕಾಯಿಲ್ ಏನ್ರಿ? ವೈಂಡಿಂಗ್ ಸಾರ್ ತಂದಿದ್ರಲ್ಲ’ ಅಂದರು. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವರೊಬ್ಬರು, ಸುಟ್ಟ ಪಂಪ್‌ಸೆಟ್‌ಗಳಿಗೆ ತಾಮ್ರದ ತಂತಿ ಸುತ್ತುವವರು. ನಮ್ಮ ಮನೆಯಿಂದ ಮೂರು ರಸ್ತೆ ಆಚೆ. ನಾಯಿ ರಾತ್ರಿ ಅಲ್ಲಿ ಸುತ್ತಿಕೊಂಡು ಮಲಗುವುದು ನೋಡಿ ಕಾಯಿಲ್ ಅಂತ ಹೆಸರಿಟ್ಟಿದ್ದರು. ಒಂದು ವರ್ಷದಿಂದ ಬೆಳಗಿನ ಊಟ ನನ್ನದು, ರಾತ್ರಿ ಊಟ ಅವರದು. ಎರಡು ಮನೆಯ ಅನ್ನ ಉಂಡೂ ಅದು ಸಣಕಲಾಗಿಯೇ ಇತ್ತು.

ಕಾಯಿಲೆ ಉಣ್ಣೆ ಹುಳ ಕಚ್ಚಿ ಬರುವ ಜ್ವರ. ನಾಯಿ ಸಾಕುವವರು ಇದೊಂದನ್ನು ಗಮನಿಸಿ: ಊಟ ಬಿಟ್ಟು ಮೂಲೆ ಸೇರಿದರೆ, ಮೈ ಸುಡುತ್ತಿದ್ದರೆ, ವಸಡು ಬಿಳಿಚಿಕೊಂಡಿದ್ದರೆ, ಮೂಗಲ್ಲಿ ರಕ್ತ ಕಂಡರೆ, ‘ನಾಳೆ ನೋಡೋಣ’ ಅನ್ನಬೇಡಿ. ರಕ್ತ ಪರೀಕ್ಷೆ ಮಾಡಿಸಿ ಪ್ಲೇಟ್‌ಲೆಟ್ ಎಷ್ಟಿದೆ ನೋಡಬೇಕು. ಕಿವಿ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಅಡಗಿರುತ್ತೆ, ವಾರಕ್ಕೊಮ್ಮೆಯಾದರೂ ಕೈಯಾಡಿಸಿ ನೋಡಿ.

ಖರ್ಚಿನ ಅರ್ಧ ಕೊಡೋಣ ಅಂತ ಅವರ ಅಂಗಡಿಗೆ ಹೋದೆ. ರಕ್ತ ಪರೀಕ್ಷೆ, ಡ್ರಿಪ್, ಮಾತ್ರೆ ಎಲ್ಲ ಸೇರಿ 2,850 ರೂಪಾಯಿ ಆಗಿತ್ತು. ‘ಬ್ಯಾಡ ಬಿಡ್ರಿ ಮೇಡಂ’ ಅಂದರು. ನಾನು ಬಿಡಲಿಲ್ಲ. ಆಗ ಅವರು ಕೈ ಒರೆಸಿಕೊಂಡು, ಅಂಗಡಿಯ ರಸೀದಿ ಪುಸ್ತಕ ತೆಗೆದು, ಕಾರ್ಬನ್ ಹಾಳೆ ಸರಿ ಮಾಡಿಕೊಂಡು ಬರೆದುಕೊಟ್ಟರು: ‘ಕಾಯಿಲ್ ಚಿಕಿತ್ಸೆ ಬಾಬ್ತು ರೂ. 1,425 ಸಂದಾಯವಾಗಿದೆ.’ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವವಳು ನಾನು. ಬಾಬ್ತು ಅನ್ನುವ ಪದವನ್ನು ಸರಿಯಾಗಿ, ಸರಿಯಾದ ಜಾಗದಲ್ಲಿ ಬರೆಯುವವರು ಈಗ ಎಷ್ಟು ಜನ ಇದ್ದಾರೆ? ಆ ರಸೀದಿ ಈಗಲೂ ನನ್ನ ಹತ್ತಿರ ಇದೆ.

ಮಾತ್ರೆ 28 ದಿನ, ದಿನಕ್ಕೆ ಎರಡು ಹೊತ್ತು. ಬೆಳಗಿನದು ನಾನು, ರಾತ್ರಿಯದು ಅವರು. ಊಟದ ಜೊತೆಗೇ ಕೊಡಬೇಕು, ಹಾಲಿನ ಜೊತೆ ಬೇಡ ಅಂದಿದ್ದರು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಾಗದಿದ್ದರೆ ಡಬಲ್ ಆಗುತ್ತೆ, ಇಲ್ಲಾ ತಪ್ಪಿಹೋಗುತ್ತೆ. ಹಾಗಾಗಿ ಫೋನ್ ನಂಬರ್ ಬದಲಾಯಿಸಿಕೊಂಡೆವು. ಬೆಳಿಗ್ಗೆ ನಾನು ‘ಕೊಟ್ಟೆ’ ಅಂತ ಕಳಿಸುವುದು. ರಾತ್ರಿ ಅವರು ‘ಕೊಟ್ಟೆ’ ಅಂತ ಕಳಿಸುವುದು. 28 ದಿನದ ನಮ್ಮ ಮಾತುಕತೆ ಪೂರ್ತಿ ಆ ಒಂದೇ ಪದ.

ಮಧ್ಯೆ ಒಂದು ಅವಾಂತರ. ಹನ್ನೊಂದನೇ ದಿನವೋ ಏನೋ, ಮಾತ್ರೆ ಬಾಯಿಗಿಡುವಾಗ ಮಂಡಕ್ಕಿಯ ಹಲ್ಲು ನನ್ನ ಬೆರಳಿಗೆ ತಾಗಿ ರಕ್ತ ಬಂತು. ಅದಕ್ಕೆ ರೇಬಿಸ್ ಲಸಿಕೆ ಹಾಕಿಸಿದ ದಾಖಲೆ ಯಾರ ಹತ್ತಿರವೂ ಇರಲಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದೆ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ, ತೊಳೆಯುವುದೇ ಮುಖ್ಯ. ಫೋನ್ ಮಾಡಿದ್ದಕ್ಕೆ ಅವರು ಸ್ಕೂಟರ್ ತಂದರು. ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಲಸಿಕೆ ಉಚಿತವಾಗಿ ಹಾಕಿದರು. ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಒಂದೂ ತಪ್ಪಿಸುವ ಹಾಗಿಲ್ಲ. ಮೂರು ಸಲ ನಾನು ಆಟೋದಲ್ಲಿ ಹೋಗಬಹುದಿತ್ತು. ಹೋಗಲಿಲ್ಲ. ನಾಲ್ಕೂ ಸಲ ಸ್ಕೂಟರ್‌ನಲ್ಲೇ ಹೋದೆ.

ಮಾತ್ರೆ ಮುಗಿಯಿತು, ರಿಪೋರ್ಟ್ ಚೆನ್ನಾಗಿ ಬಂತು. ಮರುದಿನ ಬೆಳಿಗ್ಗೆ ‘ಕೊಟ್ಟೆ’ ಅಂತ ಕಳಿಸಲು ಏನೂ ಇರಲಿಲ್ಲ. ಫೋನ್ ಹಿಡಿದು ಐದು ನಿಮಿಷ ಕೂತೆ. ಆಮೇಲೆ ‘ಊಟ ಮಾಡಿತು’ ಅಂತ ಕಳಿಸಿದೆ. ರಾತ್ರಿ ಅವರಿಂದ ಬಂತು, ‘ಇಲ್ಲೂ ಮಾಡಿತು.’

ನಮ್ಮಂಥವರಿಗೆ ನಾಯಿಯಿಂದ ಆದ ಉಪಕಾರ ಏನು ಅಂದರೆ, ನಿಲ್ಲಲು ಒಂದು ಕಾರಣ ಸಿಕ್ಕಿತು. ದಾವಣಗೆರೆ ಎಷ್ಟೇ ಬೆಳೆದಿರಲಿ, ಗಂಡ ಸತ್ತವಳೊಬ್ಬಳು ಹೆಂಡತಿ ಬಿಟ್ಟವನೊಬ್ಬನ ಜೊತೆ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ಮಾತಾಡಿದರೆ ಹನ್ನೊಂದನೇ ನಿಮಿಷಕ್ಕೆ ಸುದ್ದಿ ಮನೆ ಸೇರುತ್ತೆ. ಮಧ್ಯೆ ನಾಯಿ ಇದ್ದರೆ ಅರ್ಧ ಗಂಟೆ ನಿಲ್ಲಬಹುದು. ಭಾನುವಾರ ಕುಂದವಾಡ ಕೆರೆ ಕಡೆ ವಾಕಿಂಗ್ ಹೋದರೆ ಪರಿಚಯದವರು ಸಿಗುತ್ತಾರೆ, ಕಣ್ಣು ನಮ್ಮಿಬ್ಬರ ಮೇಲೆ ಬೀಳುವುದಕ್ಕೆ ಮೊದಲು ನಾಯಿಯ ಮೇಲೆ ಬೀಳುತ್ತೆ. ‘ಇದು ಮುಧೋಳ ಕ್ರಾಸ್ ಏನ್ರಿ? ಕಾಲು ನೋಡ್ರಿ, ಎಷ್ಟು ಉದ್ದ ಐತೆ!’ ಅಂತ ಶುರು. ಇವರು ಗಂಭೀರವಾಗಿ, ‘ಹೌದ್ರಿ, ನಿಟ್ಟುವಳ್ಳಿ ಮುಧೋಳ’ ಅನ್ನುವರು. ಹೀಗೆ ಒಂದು ವರ್ಷಕ್ಕಿಂತ ಜಾಸ್ತಿ ನಡೆಯಿತು. ಇದಕ್ಕೆ ಏನು ಹೆಸರು ಅಂತ ನಾವೂ ಕೇಳಿಕೊಳ್ಳಲಿಲ್ಲ.

2024ರ ನವೆಂಬರ್‌ನಲ್ಲಿ ಮನೆ ಓನರ್ ಬಂದು, ನಾಯಿ ಇರಬಾರದು, ಇಲ್ಲಾಂದ್ರೆ ಮನೆ ಖಾಲಿ ಮಾಡಿ ಅಂದರು. ಮೆಟ್ಟಿಲಿಗೆ ಕೂದಲು ಬೀಳುತ್ತಂತೆ. ನಾನು ಬೇರೆ ಮನೆ ನೋಡತೊಡಗಿದೆ. ನಾಲ್ಕು ಮನೆ ನೋಡಿದೆ. ಎಲ್ಲ ಕಡೆ ಮೊದಲ ಪ್ರಶ್ನೆ, ‘ಯಜಮಾನ್ರು ಏನ್ ಮಾಡ್ತಾರೆ?’ ಎರಡನೇದು, ‘ನಾಯಿನಾ?’ ಮೂರನೇ ಪ್ರಶ್ನೆ ಇರುತ್ತಿರಲಿಲ್ಲ.

ಅಂಗಡಿಯಲ್ಲಿ ಇದನ್ನು ಹೇಳಿದಾಗ ಅವರು ಮೋಟಾರ್‌ನಿಂದ ಕಣ್ಣೆತ್ತದೆ, ‘ನಮ್ಮ ಮನೆ ಮೇಲ್ಗಡೆ ರೂಮು ಖಾಲಿ ಐತೆ’ ಅಂದರು. ‘ಬಾಡಿಗೆ ಎಷ್ಟು?’ ಅಂದೆ. ‘ಬಾಡಿಗೆಗೆ ಕೊಡಲ್ಲ’ ಅಂದರು. ನನಗೆ ಸಿಟ್ಟು ಬಂತು. ಕೊಡದಿದ್ದ ಮೇಲೆ ಹೇಳಿದ್ದು ಯಾಕೆ ಅಂತ ಎದ್ದು ಬಂದುಬಿಟ್ಟೆ. ಮರುದಿನ ಮಧ್ಯಾಹ್ನ ಕ್ಯಾಶ್ ಟ್ಯಾಲಿ ಮಾಡುತ್ತಾ ಕೂತಾಗ ತಟ್ಟನೆ ಹೊಳೆಯಿತು. ಅವತ್ತು 500ರ ಕಟ್ಟನ್ನು ಮೂರು ಸಲ ಎಣಿಸಿದೆ, ಮೂರು ಲೆಕ್ಕ ಬಂತು.

ಈಗ ಮನೆಯವರ ವಿಷಯ. ಅವರ ತಾಯಿ ಜಗಳೂರು ಕಡೆ ಹಳ್ಳಿಯಲ್ಲಿದ್ದಾರೆ, ಎಂಬತ್ತು ದಾಟಿದೆ. ಎಲ್ಲಕ್ಕಿಂತ ಹೆಚ್ಚು ಭಯ ನನಗೆ ಅವರದ್ದೇ ಇತ್ತು. ಅವರು ಎಲೆ ಅಡಿಕೆ ಮಡಿಚುತ್ತಾ ಅಂದರು: ‘ಇದ್ರಾಗೇನೈತವ್ವ ಹೊಸಾದು? ನಮ್ ಕಾಲ್ದಾಗ ಉಡಿಕೆ ಅಂತ ಇತ್ತು. ಗಂಡ ಸತ್ತಾಕಿ, ಬಿಟ್ಟಾಕಿ ಉಡಿಕೆ ಆಗ್ತಿದ್ಲು. ರಾತ್ರಿ ಹೊತ್ನಾಗ ಸೀರೆ ಉಡ್ಸಿ ಮುಗ್ಸೋರು. ನೀವು ಹಗಲಾಗ ಮಾಡ್ಕ್ಯಳ್ರಿ.’

ಓದಿದ ನನ್ನ ತಮ್ಮನಿಗೆ ಮಾತ್ರ ಅದು ಆಗಲಿಲ್ಲ. ‘ಅಳಿಯನ್ನ ಹುಡುಕೋ ಹೊತ್ತಲ್ಲಿ ನಿನಗೆ ಇದು ಬೇಕಿತ್ತಾ ಅಕ್ಕಾ?’ ಅಂದ. ಮಗಳು ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಅವಳೇ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ: ‘ಅವರಿಗೆ ಶುಗರ್ ಇದೆಯಾ?’ ಇದೆ ಅಂದೆ. ‘ನಿನಗೂ ಇದೆ. ಇಬ್ಬರಿಗೂ ಒಂದೇ ಅಡುಗೆ, ಸುಲಭ ಬಿಡು’ ಅಂದಳು. ಅತ್ತಳು ಕೂಡ. ಅಪ್ಪನ ಫೋಟೊ ಎಲ್ಲಿಡ್ತೀಯಾ ಅಂತ ಕೇಳಿದಳು. ಹಾಲ್‌ನಲ್ಲೇ ಅಂದೆ.

ಮೊದಲು ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಆಮೇಲೆ ಹಿಂದೂ ವಿವಾಹ ಅಂತ ನೋಂದಣಿ ಮಾಡಿಸೋಣ ಅಂದುಕೊಂಡಿದ್ದೆವು. ಅದರಲ್ಲಿ 30 ದಿನದ ನೋಟಿಸಿನ ಕಾಯುವಿಕೆ ಇಲ್ಲ. ಅವಸರ ಇದ್ದವರಿಗೆ ಅದೇ ಸರಿ. ಆದರೆ ಪುರೋಹಿತರು, ‘ಧಾರೆ ಎರೆಯೋರು ಯಾರು?’ ಅಂತ ಕೇಳಿದರು. ಅಪ್ಪ ಅಮ್ಮ ಇಲ್ಲ. ತಮ್ಮ ಬರಲ್ಲ ಅಂದಿದ್ದ. ಬೇರೆ ಯಾರನ್ನಾದರೂ ಕೂರಿಸಬಹುದಿತ್ತು. ನನಗೇ ಮನಸ್ಸು ಮುರಿಯಿತು. 48 ವರ್ಷದವಳನ್ನು ಇನ್ನೊಬ್ಬರು ದಾನ ಕೊಡಬೇಕಾ ಅನ್ನಿಸಿತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಧಾರೆ ಇಲ್ಲ, ಮೂರು ಸಾಕ್ಷಿ ಸಾಕು. ಅದನ್ನೇ ಆರಿಸಿಕೊಂಡೆವು.

ದಾಖಲೆಗಳು: ಇಬ್ಬರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಫೋಟೊ, ನನ್ನ ಯಜಮಾನರ ಮರಣ ಪ್ರಮಾಣಪತ್ರ, ಅವರ ವಿಚ್ಛೇದನದ ಡಿಕ್ರಿ, ಅಂದರೆ ಕೋರ್ಟಿನ ಆದೇಶ. ಕೇಳಲು ಸುಲಭ. ಅವರ ವಿಚ್ಛೇದನ 2012ರಲ್ಲಿ ಚಿತ್ರದುರ್ಗದಲ್ಲಿ ಆಗಿತ್ತು, ಇಬ್ಬರೂ ಒಪ್ಪಿ. ಡಿಕ್ರಿಯ ಜೆರಾಕ್ಸ್ ಇತ್ತು. ಅದನ್ನು ಲ್ಯಾಮಿನೇಷನ್ ಬೇರೆ ಮಾಡಿಸಿಟ್ಟಿದ್ದರು. ನೋಂದಣಿ ಕಚೇರಿಯವರು ಜೆರಾಕ್ಸ್ ನಡೆಯಲ್ಲ, ನ್ಯಾಯಾಲಯದ ದೃಢೀಕೃತ ನಕಲು ಬೇಕು ಅಂದರು. ಅರ್ಜಿ ಹಾಕಲು ಒಂದು ಸಲ, ತರಲು ಒಂದು ಸಲ, ಮಧ್ಯೆ ಹದಿನೇಳು ದಿನ. ವಿಚ್ಛೇದನ ಆದವರು ಮದುವೆಯ ಯೋಚನೆ ಇರಲಿ ಬಿಡಲಿ, ದೃಢೀಕೃತ ನಕಲು ಎರಡು ತೆಗೆದಿಟ್ಟುಕೊಳ್ಳಿ. ಇತ್ತೀಚೆಗೆ ವಿಚ್ಛೇದನ ಆದವರಾದರೆ ಮೇಲ್ಮನವಿಯ ಅವಧಿ ಮುಗಿದಿರಬೇಕು ಅನ್ನುವುದೂ ನೆನಪಿರಲಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು 90 ದಿನ.

ನಕಲು ತಂದ ದಿನ ಅವರು ಅಂಗಡಿ ತೆರೆಯಲಿಲ್ಲ. ಬಸ್ಸಿನಲ್ಲಿ ಪೂರ್ತಿ ಓದಿದರಂತೆ. ‘ನಾನು ಏನೇನು ಬರೆದುಕೊಟ್ಟಿದ್ದೆ ಅಂತ ಮರೆತೇ ಹೋಗಿತ್ತು’ ಅಂದರು. ಅಷ್ಟೇ. ಮಂಡಕ್ಕಿ ಹೋಗಿ ಅವರ ಚಪ್ಪಲಿ ಮೇಲೆ ಗದ್ದ ಇಟ್ಟು ಮಲಗಿತು. ನಾನು ಟೀ ಮಾಡಿದೆ. ಎರಡನೇ ಮದುವೆಯಲ್ಲಿ ಮೊದಲನೆಯದರ ಕಾಗದ ಮತ್ತೆ ತೆಗೆಯಬೇಕಾಗುತ್ತೆ. ಅದಕ್ಕೆ ಒಂದು ದಿನ ಬಿಡುವು ಇಟ್ಟುಕೊಳ್ಳಿ.

ನನ್ನ ಕಡೆ ತೊಂದರೆ ಹೆಸರಿನದು. ಮರಣ ಪತ್ರದಲ್ಲಿ ಯಜಮಾನರ ಇನಿಷಿಯಲ್ ಮಾತ್ರ ಇತ್ತು, ನನ್ನ ಆಧಾರ್‌ನಲ್ಲಿ ಅವರ ಪೂರ್ತಿ ಹೆಸರು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು. ಛಾಪಾ ಕಾಗದ, ಟೈಪಿಂಗ್, ನೋಟರಿ ಸೇರಿ 450 ರೂಪಾಯಿ ಹೋಯಿತು.

ಕಚೇರಿಯ ಹೊರಗೆ ಒಬ್ಬ ಏಜೆಂಟ್ ಸಿಕ್ಕ. ‘ಸೆಕೆಂಡ್ ಮ್ಯಾರೇಜಾ ಮೇಡಂ? ಸ್ವಲ್ಪ ಕಷ್ಟ ಐತೆ. 6,000 ಕೊಡ್ರಿ, ನಾನ್ ನೋಡ್ಕಂತೀನಿ’ ಅಂದ. ಕಾನೂನಿನ ಕಣ್ಣಿಗೆ ಎರಡನೆಯದು ಅಂತ ಬೇರೆ ಕಷ್ಟ ಏನೂ ಇಲ್ಲ. ಮೊದಲ ಮದುವೆ ಈಗ ಉಳಿದಿಲ್ಲ ಅನ್ನುವುದಕ್ಕೆ ಕಾಗದ ಬೇಕು, ಅಷ್ಟೇ. ಸರ್ಕಾರಿ ಶುಲ್ಕ ತೀರಾ ಸಣ್ಣದು. ಏಜೆಂಟನಿಗೆ ಕೊಡುವ ದುಡ್ಡಲ್ಲಿ ನಾಲ್ಕು ಜನ ವಾರಗಟ್ಟಲೆ ಬೆಣ್ಣೆ ದೋಸೆ ತಿನ್ನಬಹುದು.

2025ರ ಜನವರಿಯಲ್ಲಿ, ಮದುವೆಯಾಗುತ್ತೇವೆ ಅಂತ ಕಚೇರಿಗೆ ನೋಟಿಸ್ ಕೊಟ್ಟೆವು. ಗುಮಾಸ್ತರು ಎಲ್ಲ ಹಾಳೆ ಜೋಡಿಸಿಕೊಂಡರು. ನನ್ನ ಯಜಮಾನರ ಮರಣ ಪತ್ರ ಮೇಲೆ, ಅವರ ಡಿಕ್ರಿ ಕೆಳಗೆ. ಎರಡನ್ನೂ ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿ ಟಕ್ ಅಂತ ಸ್ಟೇಪ್ಲರ್ ಹೊಡೆದರು. ಪಿನ್ನು ಒಂದು ಕಡೆ ಸರಿಯಾಗಿ ಕೂರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರು. ಅವರಿಗೆ ಅದು ದಿನಕ್ಕೆ ನೂರು ಸಲ ಮಾಡುವ ಕೆಲಸ. ನಾವಿಬ್ಬರೂ ಆ ಪಿನ್ನನ್ನೇ ನೋಡುತ್ತಾ ನಿಂತಿದ್ದೆವು.

ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನದಿಂದ ವಾಸ ಇರಬೇಕು. ನೋಟಿಸ್ ಬೋರ್ಡಿಗೆ ಹಾಕುತ್ತಾರೆ, 30 ದಿನ ಆಕ್ಷೇಪಣೆಗೆ ಅವಕಾಶ. ನಾನು ಮಾಡಿದ ದೊಡ್ಡ ತಪ್ಪು ಇಲ್ಲಿದೆ: ನನ್ನ ಆಧಾರ್‌ನಲ್ಲಿ ಇನ್ನೂ ಹೊಳೆ ಆಚೆಯ ಹಳೇ ಕ್ವಾರ್ಟರ್ಸ್ ವಿಳಾಸವೇ ಇತ್ತು. ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ನೋಟಿಸಿನ ಒಂದು ಪ್ರತಿ ಆ ಕಡೆಯ ಕಚೇರಿಗೂ ಹೋಗುತ್ತೆ, ಅಲ್ಲೂ ಬೋರ್ಡಿಗೆ ಹಾಕುತ್ತಾರೆ. ಒಂಬತ್ತು ವರ್ಷ ವಿಳಾಸ ಬದಲಾಯಿಸದೆ ಸೋಮಾರಿತನ ಮಾಡಿದ್ದಕ್ಕೆ, ನನ್ನ ಗಂಡನ ಮನೆಯವರಿಗೆ ನಾನು ಹೇಳುವ ಮೊದಲೇ ಬೋರ್ಡು ಹೇಳಿಬಿಟ್ಟಿತು. ದಯವಿಟ್ಟು ಮೊದಲು ವಿಳಾಸ ಸರಿ ಮಾಡಿಸಿಕೊಳ್ಳಿ. ಹೇಳಬೇಕಾದವರಿಗೆ ನೀವೇ ಬಾಯಿಬಿಟ್ಟು ಹೇಳಿಬಿಡಿ.

ನಾದಿನಿ ಫೋನ್ ಮಾಡಿದಳು. ಬೈಯುತ್ತಾಳೆ ಅಂತ ಕಾದೆ. ‘ಅತ್ತಿಗೆ, ಊರವರ ಬಾಯಿಂದ ಕೇಳಬೇಕಾ ನಾನು?’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ತಮ್ಮ ಆಕ್ಷೇಪಣೆ ಹಾಕುತ್ತೇನೆ ಅಂತ ಹೆದರಿಸಿದ. ವಕೀಲರೊಬ್ಬರನ್ನು ಕಂಡೆವು, ಫೀಸು 1,000. ಆಕ್ಷೇಪಣೆಗೆ ಕಾನೂನಿನಲ್ಲಿರುವ ಕಾರಣಗಳೇ ಬೇಕು: ವಿಚ್ಛೇದನ ಆಗದ ಗಂಡ ಅಥವಾ ಹೆಂಡತಿ ಬದುಕಿದ್ದಾರೆ, ಮದುವೆಯ ವಯಸ್ಸಾಗಿಲ್ಲ, ಒಪ್ಪಿಗೆ ಕೊಡುವ ಮನಃಸ್ಥಿತಿ ಇಲ್ಲ, ಮದುವೆಯಾಗಬಾರದಷ್ಟು ಹತ್ತಿರದ ಸಂಬಂಧ. ತಮ್ಮನಿಗೆ ಇಷ್ಟ ಇಲ್ಲ ಅನ್ನುವುದು ಅದರಲ್ಲಿ ಬರಲ್ಲ ಅಂದರು. ಅದೇ ಫೀಸಿನಲ್ಲಿ ಸೈಟಿನ ವಿಷಯವೂ ಕೇಳಿಕೊಂಡೆ. ಯಜಮಾನರ ಹೆಸರಿನ ಸೈಟಿನಲ್ಲಿ ನನಗೆ ಬಂದ ಪಾಲು ಮರುಮದುವೆಯಾದರೆ ಹೋಗಿಬಿಡುತ್ತೆ ಅಂತ ನೆಂಟರು ಹೆದರಿಸಿದ್ದರು. ಹೋಗಲ್ಲ. ಆದರೂ ಅದನ್ನು ಮಗಳ ಹೆಸರಿಗೆ ಮಾಡಲು ಮೊದಲೇ ನಿರ್ಧರಿಸಿದ್ದೆ, ಅವಳ ಮನಸ್ಸಿನಲ್ಲಿ ಒಂದು ಕಲ್ಲು ಇರುವುದು ಬೇಡ ಅಂತ.

ಪಿಂಚಣಿ ಮಾತ್ರ ಹೋಗುತ್ತೆ. ಯಜಮಾನರ ಪಿ.ಎಫ್. ಕಡೆಯಿಂದ ನನಗೆ ಬರುತ್ತಿದ್ದ ವಿಧವಾ ಪಿಂಚಣಿ ಮರುಮದುವೆಯ ದಿನಕ್ಕೆ ನಿಲ್ಲುತ್ತೆ. 25 ತುಂಬದ ಮಕ್ಕಳಿದ್ದರೆ ಅವರ ಹೆಸರಿಗೆ ಅನಾಥ ಪಿಂಚಣಿ ಅಂತ ಬರುತ್ತೆ. ಮಗಳಿಗೆ ಇನ್ನೂ 24. ಇದನ್ನು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ‘ಅಮ್ಮ ಮದುವೆ ಆದ್ರೆ ನಾನು ಅನಾಥೆನಾ?’ ಹೇಳದೆ ಸುಮ್ನಿದ್ದುಬಿಡಿ, ಯಾರು ನೋಡ್ತಾರೆ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಬದುಕಿದ್ದೇನೆ ಅಂತ ಪ್ರತಿ ವರ್ಷ ಜೀವನ ಪ್ರಮಾಣ ಪತ್ರ ಕೊಡುವಾಗ ಮರುಮದುವೆ ಆಗಿದೆಯೇ ಅಂತ ಕೇಳುತ್ತಾರೆ. ಸುಳ್ಳು ಬರೆದರೆ ಒಂದಲ್ಲ ಒಂದು ದಿನ ವಾಪಸ್ ಕಟ್ಟಬೇಕು. ಲೆಕ್ಕದವಳಿಗೆ ರಾತ್ರಿ ನಿದ್ದೆ ಬರಬೇಕಲ್ಲ. ಇನ್ನೊಂದು: ನೀವೇ ಪಿ.ಎಫ್. ಸದಸ್ಯರಾಗಿದ್ದರೆ, ಮದುವೆಗೆ ಮೊದಲು ಮಾಡಿದ ನಾಮಿನೇಷನ್ ಮದುವೆಯಾದ ಮೇಲೆ ನಡೆಯಲ್ಲ. ಹೊಸದಾಗಿ ಮಾಡಬೇಕು.

30 ದಿನ ಹೇಗೆ ಕಳೆಯಿತು ಅಂತ ಕೇಳಿದರೆ, ನಾಯಿಗೆ ಮಾತ್ರೆ ಕೊಟ್ಟ 28 ದಿನಕ್ಕಿಂತ ನಿಧಾನವಾಗಿ. ಆಕ್ಷೇಪಣೆ ಬರಲಿಲ್ಲ. ಅವಧಿ ಮುಗಿದ ಮೇಲೂ ಕೂಡಲೇ ಆಗಲಿಲ್ಲ. ಅವರ ತಾಯಿ ಕಾಲು ಜಾರಿ ಬಿದ್ದರು, ಮಗಳಿಗೆ ರಜೆ ಸಿಗಲಿಲ್ಲ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಎಲ್ಲ ಮೊದಲಿಂದ ಶುರು ಮಾಡಬೇಕು. ನಾವು ಹತ್ತು ದಿನ ಉಳಿದಿರುವಾಗ ಮುಗಿಸಿದೆವು.

ಅವತ್ತು ಬೆಳಿಗ್ಗೆ ಹತ್ತೂವರೆಗೆ ಹೋದೆವು. ಸರ್ವರ್ ಇಲ್ಲ. ಮದುವೆಯ ಮುಹೂರ್ತವನ್ನು ಈಗ ಸರ್ವರ್ ಇಡುತ್ತೆ. ನಾನು ಹಸಿರು ಇಳಕಲ್ ಸೀರೆ ಉಟ್ಟಿದ್ದೆ, ಅವರದು ಹೊಸ ಬಿಳಿ ಶರ್ಟು, ಉಗುರ ಸಂದಿಯಲ್ಲಿ ಮಾತ್ರ ವಾರ್ನಿಷ್ ಹಾಗೇ ಇತ್ತು. ಮೂರು ಸಾಕ್ಷಿ: ನನ್ನ ಮಗಳು, ನಮ್ಮ ಅಂಗಡಿ ಯಜಮಾನರ ಹೆಂಡತಿ, ಪಶು ಆಸ್ಪತ್ರೆಯ ಕಾಂಪೌಂಡರ್. ಸಾಕ್ಷಿಗಳೂ ಆಧಾರ್ ಒರಿಜಿನಲ್ ತರಬೇಕು. ಕಾಂಪೌಂಡರ್ ಬರೀ ಜೆರಾಕ್ಸ್ ತಂದಿದ್ದರು. ಮನೆಗೆ ಓಡಿಹೋಗಿ ಬಂದರು, ಆಗಲೂ ಸರ್ವರ್ ಬಂದಿರಲಿಲ್ಲ. ಮಂಡಕ್ಕಿ ಹೊರಗೆ ಹೊಂಗೆ ಮರದ ಕೆಳಗೆ ಆಟೋದಲ್ಲಿ ಕೂತಿತ್ತು. ಬೇರೆ ಜೋಡಿಯ ಕಡೆಯವರು ಅದಕ್ಕೆ ಬಿಸ್ಕತ್ತು ಹಾಕಿದರು. ಆ ಜೋಡಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಹುಡುಗಿ ನನ್ನನ್ನು, ‘ಆಂಟಿ, ನೀವು ಯಾರ ಕಡೆ ಸಾಕ್ಷಿ?’ ಅಂತ ಕೇಳಿದಳು. ‘ನಾನೇ ಮದುಮಗಳಮ್ಮ’ ಅಂದೆ. ಅವಳು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟಳು.

ಒಂದೂ ಮುಕ್ಕಾಲಿಗೆ ಕರೆದರು. ಇಬ್ಬರೂ ಒಬ್ಬರನ್ನೊಬ್ಬರು ಗಂಡ ಹೆಂಡತಿಯಾಗಿ ಸ್ವೀಕರಿಸಿದ್ದೇವೆ ಅಂತ ಅಧಿಕಾರಿಯ ಎದುರು, ಸಾಕ್ಷಿಗಳಿಗೆ ಕೇಳುವ ಹಾಗೆ ಬಾಯಿಬಿಟ್ಟು ಹೇಳಬೇಕು. ನಿಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು. ನಾನು ಕನ್ನಡದಲ್ಲಿ ಹೇಳಿದೆ. ಧ್ವನಿ ನಡುಗಲ್ಲ ಅಂದುಕೊಂಡಿದ್ದೆ. ನಡುಗಿತು. ಇವರು ಎಷ್ಟು ಮೆಲ್ಲಗೆ ಹೇಳಿದರು ಅಂದರೆ ಅಧಿಕಾರಿ, ‘ಸ್ವಲ್ಪ ಜೋರಾಗಿ ಹೇಳಿ ಸಾರ್, ಸಾಕ್ಷಿಗಳಿಗೆ ಕೇಳ್ಬೇಕು’ ಅಂದರು. ಎರಡನೇ ಸಲ ಎಷ್ಟು ಜೋರಾಗಿ ಹೇಳಿದರು ಅಂದರೆ ಹೊರಗಿನಿಂದ ಮಂಡಕ್ಕಿ ಬೊಗಳಿತು.

ಒಟ್ಟು ಖರ್ಚು, ಚಿತ್ರದುರ್ಗದ ಬಸ್ಸು, ವಕೀಲರು, ಅಫಿಡವಿಟ್, ಫೋಟೊ, ಸೀರೆ, ಶರ್ಟು, ಐದು ಜನರ ಬೆಣ್ಣೆ ದೋಸೆ ಎಲ್ಲ ಸೇರಿ 9,260 ರೂಪಾಯಿ. ಮಂಡಕ್ಕಿಗೆ ಬೆಣ್ಣೆ ಹಾಕದ ಖಾಲಿ ದೋಸೆ ಬೇರೆ ಕಟ್ಟಿಸಿಕೊಂಡೆವು.

ಯಜಮಾನರ ಫೋಟೊ ಈಗ ಹೊಸ ಮನೆಯ ಹಾಲಿನಲ್ಲಿದೆ. ನಾನು ಮೊಳೆ, ಸುತ್ತಿಗೆ ಹುಡುಕುತ್ತಿದ್ದೆ. ಇವರು ಅಂಗಡಿಯಿಂದ ಡ್ರಿಲ್ ಮಷಿನ್ ತಂದು, ಗೋಡೆಗೆ ಪೆನ್ಸಿಲ್ ಗುರುತು ಹಾಕಿ, ‘ಇಷ್ಟು ಎತ್ತರ ಸಾಕಾ?’ ಅಂತ ಕೇಳಿ ತೂತು ಕೊರೆದರು. ಉದುರಿದ ಸಿಮೆಂಟು ಪುಡಿಯನ್ನೂ ಅವರೇ ಗುಡಿಸಿದರು.

ಮಂಡಕ್ಕಿಗೆ ಮಾತ್ರ ಮನೆ ಬದಲಾದದ್ದು ತಿಳಿದಂತಿಲ್ಲ. ರಾತ್ರಿ ಇಲ್ಲಿ ಉಂಡು ಮಲಗುತ್ತೆ. ಬೆಳಿಗ್ಗೆ ಆರಕ್ಕೆ ಎದ್ದು ನನ್ನ ಹಳೇ ಬಾಡಿಗೆ ಮನೆಗೆ ಹೋಗಿ ಬಾಗಿಲಲ್ಲಿ ಕೂರುತ್ತೆ. ಮೊನ್ನೆ ಆ ಮನೆ ಓನರ್ ಫೋನ್ ಮಾಡಿದರು. ಬೈಗುಳಕ್ಕೆ ತಯಾರಾಗಿ ಎತ್ತಿದೆ. ‘ನಿಮ್ ನಾಯಿ ಇಲ್ಲೇ ಐತ್ರಿ. ಉಪ್ಪಿಟ್ಟು ಹಾಕಿದೀನಿ, ತಿಂತಾ ಐತೆ. ನಿಧಾನಕ್ಕೆ ಬರ್ರಿ’ ಅಂದರು. ಇವರು ಸ್ಕೂಟರ್ ಕೀ ತೆಗೆದುಕೊಂಡು ಹೊರಟರು. ಉಪ್ಪಿಟ್ಟಿಗೆ ಈರುಳ್ಳಿ ಹಾಕಿದ್ದಾರಾ ಕೇಳಿ, ನಾಯಿಗೆ ಆಗಲ್ಲ ಅಂತ ಮೇಲಿನಿಂದಲೇ ಕೂಗಿ ಹೇಳಿದೆ.